ಅಮಾನತ್ತಿನಲ್ಲಿಟ್ಟ ಮಾತು

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲೊಂದು ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಮೊಳೆ, ತಿರುಪು, ಹಾರೆ, ಗುದ್ದಲಿ, ಹೊಗೆಸೊಪ್ಪಿನ ಬ್ಯಾರನ್ನಿಗೆ ಬೇಕಾದ ತಗಡು, ತಂತಿ ಎಲ್ಲವೂ ಅಲ್ಲಿ ಸಿಗುತ್ತವೆ. ಯಜಮಾನರನ್ನು ಹಳ್ಳಿಯವರು ಸಾಬ್ರೇ ಎನ್ನುತ್ತಾರೆ, ಬೀದಿಯವರು ಭಾಯ್ ಎನ್ನುತ್ತಾರೆ. ಹನಗೋಡಿನ ಕಡೆಯಿಂದ ಬಂದ ಮುದುಕರೊಬ್ಬರು ಗೋಣಿಚೀಲವೊಂದನ್ನು ಹೊಸ್ತಿಲ ಬಳಿ ಇಳಿಸಿ, 'ಇಲ್ಲೇ ಮಡಗಿರ್ತೀನಿ ಸಾಬ್ರೇ, ಪ್ಯಾಟೆ ಕೆಲ್ಸ ಮುಗಿಸ್ಕೊಂಡು ಬತ್ತೀನಿ' ಎಂದರು. ಚೀಲದಲ್ಲೇನಿದೆ ಎಂದು ಸಾಬರು ಕೇಳಲಿಲ್ಲ. ಅದನ್ನು ಎತ್ತಿ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟು, 'ಹೋಗಿ ಬನ್ನಿ ಯಜಮಾನ್ರೇ, ಅಮಾನತ್ ಅದು' ಎಂದರು. ಗಲ್ಲಾಪೆಟ್ಟಿಗೆಯ ಮೇಲೆ ಅಂದಿನ ಕನ್ನಡ ಪತ್ರಿಕೆ ಬಿದ್ದಿತ್ತು. ಅದರ ಒಳಪುಟದಲ್ಲಿ ದಪ್ಪಕ್ಷರದ ಒಂದು ತಲೆಬರಹ, ಕರ್ತವ್ಯಲೋಪ ಮಾಡಿದ ನೌಕರನೊಬ್ಬ ಅಮಾನತು ಎಂದು.

ಒಂದೇ ಮಾತು ಕಿವಿಗೆ ಬಿದ್ದದ್ದು ಒಂದು ಅರ್ಥದಲ್ಲಿ, ಕಣ್ಣಿಗೆ ಬಿದ್ದದ್ದು ಅದಕ್ಕೆ ಹೆಚ್ಚುಕಡಿಮೆ ಎದುರಾದ ಅರ್ಥದಲ್ಲಿ. ನಂಬಿ ಒಪ್ಪಿಸಿದ ವಸ್ತು ಗಲ್ಲಾಪೆಟ್ಟಿಗೆಯ ಹಿಂದೆ, ನಂಬಿಕೆ ಕಳೆದುಕೊಂಡ ಮನುಷ್ಯ ಗಲ್ಲಾಪೆಟ್ಟಿಗೆಯ ಮೇಲೆ. ನಮ್ಮಂಥ ಪದಪ್ರಿಯರಿಗೆ ಇಂಥ ಜಾಗದಲ್ಲಿ ಕಾಲು ತಾನಾಗಿಯೇ ನಿಲ್ಲುತ್ತದೆ.

ಮೊದಲು ಮನೆತನ ನೋಡೋಣ. ಅರಬ್ಬಿಯಲ್ಲಿ ಅ-ಮ-ನ ಎಂಬ ಮೂರು ವ್ಯಂಜನಗಳ ಧಾತು ಇದೆ. ನಿರ್ಭಯವಾಗಿರುವುದು, ನೆಮ್ಮದಿಯಿಂದಿರುವುದು, ನೆಚ್ಚುವುದು ಅದರ ಹುರುಳು. ಅದರಿಂದ ಅಮನ್, ಅಂದರೆ ಶಾಂತಿ. ಈಮಾನ್, ಅಂದರೆ ಶ್ರದ್ಧೆ. ಶ್ರದ್ಧೆಯುಳ್ಳವನು ಮೋಮಿನ್, ನೆಚ್ಚತಕ್ಕವನು ಅಮೀನ್, ನೆಚ್ಚಿ ಒಪ್ಪಿಸಿದ್ದು ಅಮಾನತ್. ಪ್ರಾರ್ಥನೆಯ ಕೊನೆಗೆ ಬರುವ ಆಮೀನ್ ಕೂಡ ಈ ಸೆಮಿಟಿಕ್ ಬಳಗದ್ದೇ, ಹೀಬ್ರೂವಿನ ಆಮೆನ್ ಇದರ ಒಡಹುಟ್ಟು. ನಮ್ಮ ಹಳ್ಳಿಯ ಜಗಳಗಳಲ್ಲಿ ಕೇಳಿಬರುವ ಬೇಮಾನಿ ಎಂಬ ಬೈಗುಳ ಬೇ-ಈಮಾನಿಯ ಸವಕಲು ರೂಪ. ಮೂಲದಲ್ಲಿ ಶ್ರದ್ಧೆಯಿಲ್ಲದಿರುವುದು, ನಮ್ಮಲ್ಲಿ ಕೊಟ್ಟ ಮಾತಿಗೆ ತಪ್ಪಿದವನು. ಅಮಲು, ಅಮಲ್ದಾರ ಮುಂತಾದವನ್ನು ಈ ಮನೆಗೆ ಸೇರಿಸಬಾರದು. ಅವು ಅಮಲ್ ಎಂಬ ಬೇರೆ ಧಾತುವಿನ ಮಕ್ಕಳು, ಕನ್ನಡದ ಲಿಪಿಯಲ್ಲಿ ಮಾತ್ರ ಎರಡೂ ಅ-ಕಾರಗಳು ಒಂದೇ ಮುಖ ಹೊತ್ತಿವೆ. ಹಾಗೆಯೇ ಅ-ಮಾನ ಎಂದು ಒಡೆದು, ಮಾನ ಹೋಗುವುದೇ ಅಮಾನತು ಎಂದು ವಿವರಿಸುವವರನ್ನೂ ಕೇಳಿದ್ದೇನೆ. ವ್ಯುತ್ಪತ್ತಿ ಸುಳ್ಳು. ಆದರೂ ಅವಮಾನ, ಅಮಾನ್ಯ, ಅಮಾನುಷಗಳ ನೆರೆಯಲ್ಲಿ ಬಾಳುವ ಪದಕ್ಕೆ ಆ ನೆರೆಯ ನೆರಳು ಬೀಳದೆ ಇರುವುದಿಲ್ಲ, ಕಚೇರಿಯ ಅರ್ಥ ಗಟ್ಟಿಯಾಗಲು ಅದೂ ಒಂದಿಷ್ಟು ನೆರವಾಗಿರಬಹುದು ಎಂದು ನನಗನ್ನಿಸುತ್ತದೆ.

ತ್ತು ಎಂಬ ಬಾಲದ ಕಥೆಯೂ ಚೆಲುವಾದದ್ದು. ಅರಬ್ಬಿಯಲ್ಲಿ ಮಾತು ನಿಂತಲ್ಲಿ ಇದು ಅಮಾನ ಎಂದಷ್ಟೇ ಕೇಳುತ್ತದೆ, ಮುಂದಿನ ಪದ ತಗುಲಿದಾಗ ಅಡಗಿದ್ದ ತಕಾರ ತಲೆಯೆತ್ತುತ್ತದೆ. ಪಾರಸಿಯವರು ಆ ತಕಾರವನ್ನು ಎಷ್ಟೋ ಪದಗಳಲ್ಲಿ ಕಾಯಂ ಮಾಡಿಕೊಂಡರು. ನಾವು ಅದನ್ನು ಕೈಗೆತ್ತಿಕೊಂಡು, ಕನ್ನಡದ ನಾಲಗೆಗೆ ಬೇಕಾದ ಉಕಾರ ಹಚ್ಚಿ, ಒತ್ತು ಕೊಟ್ಟು ಕೂರಿಸಿದೆವು: ಅದಾಲತ್ತು, ದೌಲತ್ತು, ತಾಕತ್ತು, ಕಸರತ್ತು, ಕರಾಮತ್ತು, ಮಸಲತ್ತು, ಸವಲತ್ತು, ಬರಕತ್ತು, ನಿಯತ್ತು. ಇದೇ ಸಾಲಿನಲ್ಲಿ ಅಮಾನತ್ತು. ಆಮೇಲೆ ಪತ್ರಿಕೆಯ ಅಂಕಣದ ಇಕ್ಕಟ್ಟೋ ಉಚ್ಚಾರಣೆಯ ಅವಸರವೋ, ಒತ್ತು ಕಳಚಿ ಅಮಾನತು. ಈ ಒಂದು ಒತ್ತನ್ನು ನೆನಪಿನಲ್ಲಿಡಿ, ಕೊನೆಗೆ ಅದು ಮತ್ತೆ ಬೇಕಾಗುತ್ತದೆ.

ಅರಬ್ಬಿಯ ನೆಲದಲ್ಲಿ ಈ ಮಾತು ವ್ಯಾಪಾರಿಗಳ ನಡುವೆಯೇ ಬೆಳೆಯಿತು. ಮುಹಮ್ಮದ್ ಪೈಗಂಬರರು ಪ್ರವಾದಿ ಎನಿಸಿಕೊಳ್ಳುವ ಮೊದಲು ಖದೀಜಾ ಎಂಬ ವರ್ತಕಿಯ ಸರಕು ಹೊತ್ತು ಸಿರಿಯಾದ ಕಡೆಗೆ ಹೋಗಿ ಬಂದವರು, ಮೆಕ್ಕಾದ ಜನ ಅವರಿಗೆ ಇಟ್ಟ ಬಿರುದು ಅಲ್-ಅಮೀನ್. ಕ್ರಿ.ಶ. 622ರಲ್ಲಿ ಅವರು ಮದೀನಾಕ್ಕೆ ಹೊರಟಾಗ, ತಮ್ಮ ಬಳಿ ಜನ ಇಟ್ಟಿದ್ದ ಒಡವೆ ವಸ್ತುಗಳನ್ನು ಅವರವರಿಗೆ ಮುಟ್ಟಿಸಿ ಬರಲು ತಮ್ಮ ಬಂಧು ಅಲಿಯವರನ್ನು ಮೆಕ್ಕಾದಲ್ಲಿ ಉಳಿಸಿ ಹೋದರೆಂಬುದು ಪರಂಪರೆಯ ಕಥೆ. ಹಾಗೆ ಇಟ್ಟವರಲ್ಲಿ ಅವರ ಮಾತನ್ನು ಒಪ್ಪದ ಊರವರೂ ಇದ್ದರು. ನಂಬುಗೆಯ ವಸ್ತುವನ್ನು ಹಿಂತಿರುಗಿಸುವಾಗ ಇಟ್ಟವನ ಮತ, ಮಮತೆ, ಹಗೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲವೆಂಬ ಅರ್ಥ ಪದಕ್ಕೆ ಅಂಟಿಕೊಂಡದ್ದು ಇಲ್ಲಿ. ಅಮಾನತ್ತುಗಳನ್ನು ಅವುಗಳ ಒಡೆಯರಿಗೆ ತಲುಪಿಸಿ ಎಂಬ ವಿಧಿ ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ ಬರುತ್ತದೆ. ಮೂವತ್ತಮೂರನೆಯ ಅಧ್ಯಾಯಕ್ಕೆ ಹೋದರೆ ಪದ ಇದ್ದಕ್ಕಿದ್ದಂತೆ ಆಕಾಶಕ್ಕೆ ಏರುತ್ತದೆ: ಅಮಾನತ್ತನ್ನು ಹೊರಲು ಬಾನು, ಭೂಮಿ, ಬೆಟ್ಟಗಳು ಅಂಜಿ ಹಿಂದೆ ಸರಿದವು, ಮನುಷ್ಯ ಹೊತ್ತುಕೊಂಡ ಎಂಬುದು ಅಲ್ಲಿಯ ಭಾವ. ಬೆಟ್ಟ ಹೊರಲಾರದ್ದೂ ಗಲ್ಲಾಪೆಟ್ಟಿಗೆಯ ಹಿಂದೆ ಇಡಬಹುದಾದ ಗೋಣಿಚೀಲವೂ ಒಂದೇ ಹೆಸರಿನವು ಎನ್ನುವುದನ್ನು ನೆನೆದಾಗ ನನಗೆ ಈ ಪದದ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಶಾಸ್ತ್ರಕಾರರು ಕಾವಲಿಗೆ ಇಟ್ಟ ಒಡವೆಗೆ ವದೀಅತ್ ಎಂಬ ಬೇರೆ ಪಾರಿಭಾಷಿಕವನ್ನು ಕೊಟ್ಟು ಅಮಾನತ್ತನ್ನು ಹರವಾಗಿ ಬಿಟ್ಟರು. ಹಾಗಾಗಿ ಅಳತೆ ಅಮಾನತ್ತು, ಕೂಲಿ ಅಮಾನತ್ತು, ಗಿರಾಕಿ ನಂಬಿ ಹೇಳಿದ ಗುಟ್ಟೂ ಅಮಾನತ್ತು. ಅಳತೆಯಲ್ಲಿ ಕಡಿತ ಮಾಡುವವರ ಹೆಸರಿನಲ್ಲೇ ಕುರ್‌ಆನಿನ ಎಂಬತ್ತಮೂರನೆಯ ಅಧ್ಯಾಯವಿದೆ. ಕೂಲಿಯಾಳಿನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂಬ, ತೂಗುವವನು ತಕ್ಕಡಿಯನ್ನು ಗಿರಾಕಿಯ ಕಡೆಗೆ ತುಸು ವಾಲಿಸಬೇಕೆಂಬ ಹದೀಸುಗಳು, ಅಂದರೆ ಪೈಗಂಬರರ ನುಡಿಗಳು, ಇವೆ. ಎರಡನೆಯದನ್ನು ಓದಿದಾಗ ನಮ್ಮ ಸಂತೆಯ ಕೊಸರು ನೆನಪಾಗದ ಕನ್ನಡಿಗರುಂಟೆ? ಸೇರು ಅಳೆದಾದ ಮೇಲೆ ಹಾಕುವ ಆ ಒಂದು ಹಿಡಿಗೆ ಬೆಲೆಯಿಲ್ಲ, ಲೆಕ್ಕವಿಲ್ಲ, ಅದಕ್ಕಾಗಿಯೇ ಒಂದು ಅಚ್ಚಗನ್ನಡ ಪದ ಮಾತ್ರ ಇದೆ. ಇನ್ನೊಂದು ಪ್ರಸಂಗ ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪೈಗಂಬರರು ಕೈ ಹಾಕಿದರೆ ಬೆರಳಿಗೆ ತೇವ ತಗುಲಿತಂತೆ. ಮಳೆ ಬಿತ್ತು ಎಂದ ಮಾರುವವನಿಗೆ, ನೆಂದದ್ದನ್ನು ಜನ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದರಂತೆ. ಹುಣಸೂರು, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜುಕಟ್ಟೆಗಳಲ್ಲಿ ಬೇಲಿನ ಮೇಲ್ಪದರಕ್ಕೆ ಹೊಂಬಣ್ಣದ ಎಲೆ, ನಡುವೆ ಕರಿದಾದದ್ದು ಎಂಬ ಆಸೆಯನ್ನು ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ಹೊಗೆಸೊಪ್ಪಿನ ವ್ಯಾಪಾರವೇ ಸಲ್ಲುವುದೋ ಇಲ್ಲವೋ ಎಂಬ ಚರ್ಚೆ ಇಸ್ಲಾಮೀ ವಿದ್ವಾಂಸರಾದ ಉಲೇಮಾಗಳಲ್ಲಿ ಬಹಳ ಹಳೆಯದು, ಅದನ್ನು ಬಗೆಹರಿಸುವುದು ಪದ ಬಿಡಿಸುವವನ ಕೆಲಸವಲ್ಲ.

ಕರ್ನಾಟಕಕ್ಕೆ ಪದ ಬಂದದ್ದು ಎರಡು ಬಂಡಿಗಳಲ್ಲಿ. ಒಂದು ಮಸೀದಿ, ಮನೆ, ಅಂಗಡಿಗಳ ದಖನಿ ಉರ್ದು. ಇನ್ನೊಂದು ಪಾರಸಿಯ ದಫ್ತರ. ಎರಡನೆಯ ಬಂಡಿಯಲ್ಲಿ ಬಂದದ್ದು ಬೇಗನೆ ವೇಷ ಬದಲಿಸಿತು. ಕಂದಾಯವನ್ನು ಗುತ್ತಿಗೆಗೋ ಇಜಾರೆಗೋ ಕೊಡದೆ ಸರಕಾರದ ಆಳುಗಳೇ ನಿಂತು ನೋಡಿಕೊಂಡರೆ ಅದು ಅಮಾನಿ. ಎಚ್.ಎಚ್. ವಿಲ್ಸನ್ 1855ರಲ್ಲಿ ಹೊರತಂದ ಕಂದಾಯ ಮತ್ತು ನ್ಯಾಯಾಂಗದ ಪದಕೋಶದಲ್ಲಿ ಅಮಾನತೂ ಅಮಾನಿಯೂ ಹತ್ತಿರ ಹತ್ತಿರವೇ ಕುಳಿತಿವೆ. ತುಮಕೂರಿನ ಅಮಾನಿಕೆರೆ, ಹೊಸಕೋಟೆಯ ಅಮಾನಿಕೆರೆ, ಬೆಂಗಳೂರಿನ ಪಹಣಿಗಳಲ್ಲಿ ಇಂದಿಗೂ ಕಾಣುವ ಅಮಾನಿ ಬೆಳ್ಳಂದೂರು ಖಾನೆ ಎಲ್ಲವೂ ಆ ಪದದ ಪಳೆಯುಳಿಕೆಗಳು. ಅಮಾನಿಕೆರೆಯನ್ನು ಅಮ್ಮನಕೆರೆ ಮಾಡಿಕೊಂಡು ದೇವತೆಗೆ ಒಪ್ಪಿಸಿದ ಬಾಯಿಗಳೂ ಉಂಟು, ನೀರು ಯಾರದೋ ಒಬ್ಬರ ಸೊತ್ತಲ್ಲ ಎಂಬ ತಿಳಿವಳಿಕೆ ಮಾತ್ರ ಎರಡು ಹೆಸರಿನಲ್ಲೂ ಉಳಿದಿದೆ. ಅಮೀನನ ಗತಿ ಇದಕ್ಕಿಂತ ವಿಚಿತ್ರ. ಮೆಕ್ಕಾದಲ್ಲಿ ನೆಚ್ಚಿನ ಮನುಷ್ಯನ ಬಿರುದಾಗಿದ್ದದ್ದು ನಮ್ಮ ಕೋರ್ಟಿನಲ್ಲಿ ಜಪ್ತಿ ತರುವವನ ಹುದ್ದೆಯಾಯಿತು, ಅಮೀನ ಬಂದ ಎಂದರೆ ಮನೆಯವರು ಪಾತ್ರೆ ಪಗಡೆ ಮರೆಮಾಡುವಂತಾಯಿತು.

ಹುಣಸೂರು ಈ ದಫ್ತರದ ಕನ್ನಡವನ್ನು ಚೆನ್ನಾಗಿ ಬಲ್ಲ ಊರು. ಅಮೃತಮಹಲ್ ದನಗಳ ಇಲಾಖೆ, ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿ, ಮರಮುಟ್ಟು ಎಂದು ಸೈನ್ಯಕ್ಕೆ ಸರಬರಾಜು ಮಾಡುವ ಸರಕಾರಿ ಕಾರುಬಾರು ಇಲ್ಲಿತ್ತು. 1864ರಲ್ಲಿ ಅದು ಮುಚ್ಚಿದ ಮೇಲೂ ಕೆಲಸಗಾರರು ಊರು ಬಿಡದೆ ಬೂಟು, ಚೀಲ, ಗಾಡಿಗಳನ್ನು ತಾವೇ ಮಾಡಿ ಮಾರತೊಡಗಿದರೆಂದು ಬಿ.ಎಲ್. ರೈಸರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಸರಕಾರದ ಕಾರ್ಖಾನೆ ಕಳಚಿಕೊಂಡಲ್ಲಿ ಸಣ್ಣ ಅಂಗಡಿಗಳ ಬೀದಿ ಹುಟ್ಟಿತು ಎನ್ನೋಣ. ಇತ್ತ ಕಾಕನಕೋಟೆಯ ಕಾಡಿನಲ್ಲಿ, ಕಬಿನಿಯ ಹಿನ್ನೀರು ಬರುವ ಮುನ್ನ, 1971ರ ಕೊನೆಯ ಖೆಡ್ಡಾದವರೆಗೂ ಹಿಡಿದ ಆನೆಗಳನ್ನು ಪಳಗಿಸಿದ ಮಾವುತ, ಕಾವಾಡಿಗಳಲ್ಲಿ ಜೇನುಕುರುಬರ ಜೊತೆ ಮುಸಲ್ಮಾನರೂ ಇದ್ದರು. ಆನೆ ಸರಕಾರದ್ದು, ಅದರ ಹಸಿವು, ಮದ, ಗಾಯ ಮಾತ್ರ ಮಾವುತನವು. ಒಡೆತನವಿಲ್ಲದ ಹೊಣೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮೈಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ನಂಬುಗೆಯಿಂದ ಶಿಕ್ಷೆಯವರೆಗಿನ ದಾರಿ ಹೇಗೆ ಸಾಗಿತು? ನನಗೆ ತೋರುವುದು ಲೆಕ್ಕದ ಪುಸ್ತಕದ ದಾರಿ. ಜಮಾಕ್ಕೂ ಸೇರದ, ಖರ್ಚಿಗೂ ಸೇರದ, ಯಾರ ಹೆಸರಿಗೆ ಹಾಕಬೇಕೆಂದು ತೀರ್ಮಾನವಾಗದ ಹಣವನ್ನು ಗುಮಾಸ್ತರು ಅಮಾನತು ಖಾತೆಯಲ್ಲಿ ಇಡುತ್ತಾರೆ. ಅದು ಇದೆ, ಆದರೆ ಮುಟ್ಟುವಂತಿಲ್ಲ. ಹೋಗಿಲ್ಲ, ಆದರೆ ಬಂದಿಲ್ಲ. ಈ ತ್ರಿಶಂಕು ಸ್ಥಿತಿಯನ್ನು ಹಣದಿಂದ ಮನುಷ್ಯನಿಗೆ ಹೊರಳಿಸಿದರೆ ಅಮಾನತ್ತಿನಲ್ಲಿಟ್ಟ ನೌಕರ ಸಿಗುತ್ತಾನೆ. ಅವನನ್ನು ವಜಾ ಮಾಡಿಲ್ಲ, ಕುರ್ಚಿಯಲ್ಲೂ ಬಿಟ್ಟಿಲ್ಲ. ಕ್ರಿಯಾಪದವನ್ನು ಗಮನಿಸಿ: ಹಳೆಯ ಬಳಕೆ ಅಮಾನತ್ತಿನಲ್ಲಿ ಇಡು, ಈಚಿನದು ಅಮಾನತು ಮಾಡು, ತಲೆಬರಹಗಳಲ್ಲಂತೂ ಕ್ರಿಯೆಯೇ ಇಲ್ಲದೆ ಬರಿಯ ಅಮಾನತು. ಇಡು ಇರುವವರೆಗೆ ಇಟ್ಟದ್ದನ್ನು ತೆಗೆದು ಕೊಡಬೇಕೆಂಬ ನೆನಪಿತ್ತು. ಮಾಡು ಬಂದ ಮೇಲೆ ಅದು ಏಟಾಯಿತು. 2007ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಾಗ ನಮ್ಮ ವಿಧಾನಸಭೆ ವಿಸರ್ಜನೆಯಾಗದೆ ಕೆಲವು ವಾರ ಅಮಾನತ್ತಿನಲ್ಲಿತ್ತು. ಅಲ್ಲಿ ಹಳೆಯ ಇಡು ಇನ್ನೂ ಉಸಿರಾಡುತ್ತಿತ್ತು, ಏಕೆಂದರೆ ನವೆಂಬರಿನಲ್ಲಿ ಅದನ್ನು ಹಾಗೆಯೇ ಎತ್ತಿ ಮತ್ತೆ ನಡೆಸಿದರು.

ಹಾಗೆಯೇ ಎತ್ತಿ ಎಂದೆನಲ್ಲ, ಅಲ್ಲೇ ಪದದ ಇನ್ನೊಂದು ಕವಲಿದೆ. ಮರಾಠಿಯಲ್ಲಿ ಮಕಾರ ನಕಾರಗಳು ಜಾಗ ಬದಲಿಸಿಕೊಂಡು ಅಮಾನತ್ ಅನಾಮತ್ ಆಯಿತು, ಚುನಾವಣೆಯಲ್ಲಿ ಸೋತವನು ಅಲ್ಲಿ ಕಳೆದುಕೊಳ್ಳುವುದು ಅನಾಮತ್ ರಕಮನ್ನು. ನಮ್ಮ ಅನಾಮತ್ತು ಅದೇ ರೂಪ ಎಂದೇ ನನ್ನ ಎಣಿಕೆ. ಕೂಸನ್ನು ಅನಾಮತ್ತಾಗಿ ಎತ್ತಿಕೊಂಡ, ಗಾಳಿಗೆ ಸೂರು ಅನಾಮತ್ತಾಗಿ ಹಾರಿತು ಎನ್ನುವಾಗ ಅಲ್ಲಿ ಠೇವಣಿಯ ಸುಳಿವೇ ಇಲ್ಲ, ಇಡಿಯಾಗಿ, ಒಂದೂ ಮುಕ್ಕಾಗದಂತೆ ಎಂಬುದೇ ಅರ್ಥ. ಒಪ್ಪಿಸಿದ ವಸ್ತುವನ್ನು ಹೇಗಿತ್ತೋ ಹಾಗೆ ಕೊಡಬೇಕು ಎಂಬ ಕಟ್ಟಳೆಯಲ್ಲಿದ್ದ 'ಹೇಗಿತ್ತೋ ಹಾಗೆ' ಎಂಬ ತುಣುಕು ತಾನೇ ಒಂದು ಪದವಾಗಿ ಕಳಚಿಕೊಂಡು ಬಂತು. ಇದಕ್ಕೆ ಕನ್ನಡದ್ದೇ ಜೋಡಿಯೊಂದು ಕಣ್ಣಮುಂದಿದೆ. ಇಟ್ಟ ಗಂಟು ಇಡುಗಂಟು, ಪೂರ್ತಿ ಗಂಟು ಇಡಿಗಂಟು. ಇವೆರಡನ್ನೂ ನಮ್ಮ ಜನ ಎಂದಿನಿಂದಲೂ ಒಂದರ ಬದಲು ಒಂದು ಆಡುತ್ತ ಬಂದಿದ್ದಾರೆ. ಇಡುವುದಕ್ಕೂ ಇಡಿಯಾಗಿರುವುದಕ್ಕೂ ಸಂಬಂಧವಿದೆ ಎಂದು ಎರಡು ಭಾಷಾಕುಲಗಳಿಗೆ ಬೇರೆ ಬೇರೆಯಾಗಿ ಹೊಳೆದಿರಬೇಕು.

ಕನ್ನಡನಾಡಿಗೆ ಈ ಭಾವ ಹೊರಗಿನದೇನಲ್ಲ. ಒತ್ತೆ, ಅಡವು ಸಾಲಕ್ಕೆ ಸೇರಿದವು, ಬಿಡಿ. ನಿಕ್ಷೇಪವು ಶಾಸನಗಳ ನಿಧಿ-ನಿಕ್ಷೇಪದಲ್ಲಿ ಹೂತಿಟ್ಟ ಹೊನ್ನಾಗಿ, ಈಗ ಗಣಿಯವರ ಬಾಯಲ್ಲಿ ಅದಿರಾಗಿದೆ. ನ್ಯಾಸ ದೇವಸ್ಥಾನಗಳಿಗೂ ದಂಡಸಂಹಿತೆಗೂ ಹೋಯಿತು, ನಂಬಿಸಿ ಪರರ ಸೊತ್ತು ನುಂಗಿದರೆ ಅದು ನ್ಯಾಸಭಂಗ. ಭಾವದಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಮುಡಿಪು. ನಂಜುಂಡೇಶ್ವರನಿಗೋ ಮಾದಪ್ಪನಿಗೋ ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಕಾಸು ನಮ್ಮ ಮನೆಯಲ್ಲೇ ಇದ್ದರೂ ನಮ್ಮದಲ್ಲ, ಎಂಥ ಕಷ್ಟ ಬಂದರೂ ಅದಕ್ಕೆ ಕೈ ಹಾಕುವುದಿಲ್ಲ. ಇನ್ನು ಉಪನಿಧಿ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ, ಯಾಜ್ಞವಲ್ಕ್ಯ ಸ್ಮೃತಿಯ ಉಪನಿಧಿಯ ಶ್ಲೋಕಗಳನ್ನೂ ವಿವರಿಸುತ್ತದೆ. ಒಳಗೇನಿದೆ ಎಂದು ಹೇಳದೆ ಮುಚ್ಚಿ ಇನ್ನೊಬ್ಬರ ಕೈಗೆ ಒಪ್ಪಿಸಿದ್ದು ಉಪನಿಧಿ, ಅದನ್ನು ಹಾಗೆಯೇ ಹಿಂದಕ್ಕೆ ಕೊಡಬೇಕು. ಅರಸ, ದೈವ, ಕಳ್ಳರಿಂದ ಅದು ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಕೇಳಿದಾಗ ಕೊಡದೆ ಇದ್ದು ಕಳೆದುಹೋದರೆ, ಅಥವಾ ತನ್ನ ಸುಖಕ್ಕೆ ಬಳಸಿಕೊಂಡರೆ, ತೆರಲೇಬೇಕು. ಹನಗೋಡಿನ ಮುದುಕರ ಗೋಣಿಚೀಲ ಅಚ್ಚ ಉಪನಿಧಿ!

ಇಸ್ಲಾಮೀ ಧರ್ಮಶಾಸ್ತ್ರ ಹೆಚ್ಚುಕಡಿಮೆ ಇದೇ ಗೆರೆಯನ್ನು ಎಳೆದು, ಎರಡು ಬದಿಗೂ ಹೆಸರಿಟ್ಟಿತು. ತಪ್ಪಿಲ್ಲದೆ ವಸ್ತು ಹೋದರೆ ಹೊಣೆ ಬಾರದ ಕೈ 'ಅಮಾನತ್ತಿನ ಕೈ', ಹೇಗೆ ಹೋದರೂ ತೆರಬೇಕಾದ ಕೈ 'ಜಮಾನದ ಕೈ'. ಈ ಎರಡನೆಯ ಧಾತುವಿನ ಕೂಸು ನಮಗೆ ಚಿರಪರಿಚಿತ, ಅದೇ ಜಾಮೀನು. ಶಿಕ್ಷೆಯನ್ನು ಅಮಾನತ್ತಿನಲ್ಲಿಟ್ಟು ಜಾಮೀನು ನೀಡಲಾಯಿತು ಎಂದು ಪತ್ರಿಕೆಯಲ್ಲಿ ಓದುವಾಗ, ಶತಮಾನಗಳ ಹಿಂದೆ ಧರ್ಮಶಾಸ್ತ್ರಜ್ಞರಾದ ಫುಕಹಾಗಳು ಎದುರುಬದುರು ಕೂರಿಸಿದ್ದ ಜೋಡಿ ಕನ್ನಡದ ಒಂದೇ ವಾಕ್ಯದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುವುದನ್ನು ನಾವು ಕಾಣುತ್ತೇವೆ.

ಸಣ್ಣ ಕಸುಬಿನವನಿಗೆ ಈ ಗೆರೆ ದಿನಕ್ಕೆ ಹತ್ತು ಸಲ ಎದುರಾಗುತ್ತದೆ. ಗಿರಾಕಿಯ ಬೈಕು ಮೆಕ್ಯಾನಿಕ್ಕಿನ ಬಳಿ ಇರುವಷ್ಟು ಹೊತ್ತು ಅಮಾನತ್ತು. ಬ್ರೇಕು ಹಿಡಿಯುವುದೇ ಎಂದು ಒಂದು ಸುತ್ತು ಓಡಿಸಿ ನೋಡಿದರೂ ಅದು ಕೆಲಸದ ಭಾಗ. ಅದನ್ನೇ ಏರಿ ಗೆಳೆಯನ ಜೊತೆ ಪಿರಿಯಾಪಟ್ಟಣಕ್ಕೆ ಸಿನಿಮಾಗೆ ಹೋದನೋ, ಅವನ ಕೈ ಜಮಾನದ ಕೈಯಾಯಿತು, ದಾರಿಯಲ್ಲಿ ಆದದ್ದಕ್ಕೆಲ್ಲ ಅವನೇ ಹೊಣೆ. ಕಳಚಿದ ಹಳೆಯ ಬಿಡಿಭಾಗವನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಡುವ, ಬೇಡವೆಂದರೆ ಮಾತ್ರ ಗುಜರಿಗೆ ಹಾಕುವ ಮೆಕ್ಯಾನಿಕ್ಕುಗಳನ್ನು ನಾನು ಕೆ.ಆರ್. ನಗರದಲ್ಲಿ ನೋಡಿದ್ದೇನೆ. ದರ್ಜಿಯ ಬಟ್ಟೆಯ ವಿಚಾರದಲ್ಲಿ ಶಾಸ್ತ್ರಕಾರರಲ್ಲಿ ಗುರುಶಿಷ್ಯರಿಗೇ ಒಮ್ಮತವಿರಲಿಲ್ಲ. ಎಲ್ಲರ ಕೆಲಸ ಹಿಡಿಯುವ ಕಸುಬುದಾರನ ಕೈಯಲ್ಲಿ ವಸ್ತು ಹಾಳಾದರೆ, ತಪ್ಪಿಲ್ಲದಿದ್ದರೆ ಹೊಣೆಯಿಲ್ಲವೆಂದು ಇಮಾಮ್ ಅಬೂ ಹನೀಫಾ, ಹೊಣೆ ಉಂಟೆಂದು ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್. ಹೊಲಿದು ಉಳಿದ ತುಂಡನ್ನು ಬಟ್ಟೆಯ ಜೊತೆಗೇ ಮಡಿಸಿಟ್ಟು ಕೊಡುವ ದರ್ಜಿಗೆ ಈ ಚರ್ಚೆ ಗೊತ್ತಿರಲಿ ಬಿಡಲಿ, ತುಂಡು ಯಾರದೆಂಬುದು ಗೊತ್ತಿದೆ.

ಇಂಥವರನ್ನು ನಾವು ಕನ್ನಡದಲ್ಲಿ ಏನೆಂದು ಹೊಗಳುತ್ತೇವೆ? ಅಮಾನತ್ತಿನ ಮನುಷ್ಯ ಎಂದರೆ ಸಸ್ಪೆಂಡಾದವನು ಎಂದುಕೊಂಡಾರು. ನಿಯತ್ತಿನ ಮನುಷ್ಯ ಎನ್ನುತ್ತೇವೆ. ಈ ನಿಯತ್ತಿಗೆ ಅರಬ್ಬಿಯಲ್ಲಿ ಸಂಕಲ್ಪ ಎಂದಷ್ಟೇ ಅರ್ಥ. ನಮಾಜಿಗೆ ಮುಂಚೆ, ಉಪವಾಸಕ್ಕೆ ಮುಂಚೆ ಮನಸ್ಸಿನಲ್ಲಿ ಮಾಡಿಕೊಳ್ಳುವ ನಿರ್ಧಾರ. ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಕನ್ನಡ ಅದರಿಂದ ಕೆಟ್ಟದ್ದನ್ನು ಜರಡಿ ಹಿಡಿದು ತೆಗೆದು, ನಿಯತ್ತಾಗಿ ದುಡಿ, ನಿಯತ್ತಿನ ನಾಯಿ ಎಂದು ನಿಷ್ಠೆಯ ಹೆಸರು ಮಾಡಿಕೊಂಡಿತು. ಅಮಾನತ್ತು ಕಚೇರಿಗೆ ಹೋಗಿ ಬಿಟ್ಟುಬಂದ ಗುಣವನ್ನು ಪಕ್ಕದ ಮನೆಯ ನಿಯತ್ತು ಎತ್ತಿ ಇಟ್ಟುಕೊಂಡಿದೆ. ಕನ್ನಡದಲ್ಲಿ ಇಸ್ಲಾಮಿನ ಬಗ್ಗೆ ಬರೆಯುವವರ ಪಾಡು ಮಾತ್ರ ಬಿಗಿ. ಬಿಡಿ ತಕಾರ ಬರೆದರೆ ಓದುಗನಿಗೆ ಸರಕಾರಿ ಆದೇಶ ನೆನಪಾಗುತ್ತದೆ, ಒತ್ತಕ್ಷರ ಬರೆದರೆ ಅಚ್ಚಿನ ತಪ್ಪೆಂದು ತಿದ್ದುವವರಿದ್ದಾರೆ.

ಸಾಬರ ಅಂಗಡಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಮುಂದಿನಿಂದ ಜಮಾ, ಖರ್ಚು, ಬಾಕಿ. ಹಿಂದಿನಿಂದ ತಿರುಗಿಸಿ ತೆರೆದರೆ, ಕನ್ನಡ ಅಕ್ಷರದಲ್ಲೇ, ಅಮಾನತ್. ಅದರ ಕೆಳಗೆ ತಾರೀಖು, ಊರು, ವಸ್ತು: ಕೊಡೆ 1, ಹಾಲಿನ ಕ್ಯಾನು 2, ಕುಡುಗೋಲು 1, ಮಗಳ ಕಾಲೇಜು ಫೀಜಿಗೆ ಇಟ್ಟದ್ದು ಇಷ್ಟು. ಬಂದು ಕೊಂಡುಹೋದವರ ಸಾಲಿನ ಮೇಲೆ ನೇರವಾದೊಂದು ಗೀಟು. ಮುದುಕರ ಗೋಣಿಚೀಲದ ಸಾಲಿಗೆ ಆ ಸಂಜೆ ನನ್ನೆದುರಿಗೇ ಗೀಟು ಬಿತ್ತು. ಮೂರು ವರ್ಷದ ಹಿಂದಿನ ಒಂದು ಕೊಡೆಯ ಸಾಲಿಗೆ ಬಿದ್ದಿಲ್ಲ, ಕೊಡೆ ಮಾಳಿಗೆಯ ತೊಲೆಗೆ ನೇತುಬಿದ್ದಿದೆ. ಪುಸ್ತಕ ಮುಚ್ಚುವ ಮುನ್ನ ಸಾಬರು ಕೇಳಿದರು, 'ಮೇಷ್ಟ್ರೇ, ಇದಕ್ಕೆ ತಾ ಒಂದಾ, ಒತ್ತು ಬರ್ತದಾ?' ಕೋಶಗಳಲ್ಲಿ ಎರಡಕ್ಕೂ ಜಾಗವಿದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಪೆನ್ನು ತೆಗೆದುಕೊಂಡು, ತಕಾರದ ಅಡಿಗೆ ಒತ್ತು ಬರೆದರು.